ಪ್ರಶ್ನೆ ಯಾರದು: ವಿಜ್ಞಾನ ಶಿಕ್ಷಣ ಸಂಶೋಧನೆಯನ್ನು ಕುರಿತು ಒಂದು ಸಂವಾದ

ಮಕ್ಕಳು ವಿಜ್ಞಾನವನ್ನು ಹೇಗೆ ಗ್ರಹಿಸುತ್ತಾರೆ, ಎಲ್ಲಿ ಎಡವುತ್ತಾರೆ, ಯಾವ ಬಗೆಯ ಪಾಠ, ಪ್ರಯೋಗ ಮತ್ತು ಪ್ರಶ್ನೆಗಳು ಅವರ ತಿಳಿವಳಿಕೆಯನ್ನು ಬೆಳೆಸುತ್ತವೆ ಎಂಬುದನ್ನು ಕ್ರಮಬದ್ಧವಾಗಿ ಪರಿಶೀಲಿಸುವ ಶಾಸ್ತ್ರಕ್ಕೆ ವಿಜ್ಞಾನ ಶಿಕ್ಷಣ ಸಂಶೋಧನೆ ಎಂದು ಹೆಸರು. ಈ ಕೆಲಸದಲ್ಲಿ ತೊಡಗಿದವರು ಪರಸ್ಪರರ ಬರಹಗಳನ್ನು ಓದಿ, ಪ್ರಶ್ನಿಸಿ, ತಿದ್ದಿ, ಸಮ್ಮೇಳನ ಮತ್ತು ನಿಯತಕಾಲಿಕಗಳ ಮೂಲಕ ಕಟ್ಟಿಕೊಂಡ ಬಳಗವೇ ಅದರ ವಿದ್ವತ್ ಸಮುದಾಯ. ಇಂಥ ಸಮುದಾಯವು ಸಮತೆಗೂ ಹೊಸತನಕ್ಕೂ ಹೇಗೆ ಬೆಂಬಲವಾದೀತು, ಅಥವಾ ಹೇಗೆ ಅಡ್ಡಿಯಾದೀತು ಎಂಬ ವಿಚಾರವನ್ನು ಈ ಪ್ರಬಂಧವು ಇಬ್ಬರ ಮಾತುಕತೆಯಾಗಿ ನಿರೂಪಿಸುತ್ತದೆ. ಒಬ್ಬರು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಸೀಮೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕರು. ಮತ್ತೊಬ್ಬರು ವಿಶ್ವವಿದ್ಯಾಲಯದಲ್ಲಿ ಇದೇ ಶಾಸ್ತ್ರವನ್ನು ಅಭ್ಯಸಿಸುವ ಸಂಶೋಧಕಿ. ಅವರ ಹೆಸರುಗಳಿಂದ ವಾದಕ್ಕೆ ಬಲವೂ ಬಾರದು, ಕುಂದೂ ಬಾರದು ಎಂಬ ಕಾರಣದಿಂದ ಅವನ್ನು ಬಿಡಲಾಗಿದೆ.

ಶಿಕ್ಷಕರು: ವಿಜ್ಞಾನ ಶಿಕ್ಷಣದಲ್ಲಿ ಸಂಶೋಧನೆ ಎಂಬುದೊಂದು ನಡೆಯುತ್ತಿದೆ ಎಂಬ ಸುದ್ದಿ ಹಳ್ಳಿಯ ಶಾಲೆಗೆ ಮುಟ್ಟುವುದು ಸುತ್ತೋಲೆಯ ಮೂಲಕ, ಇಲ್ಲವೇ ತರಬೇತಿಯ ಕೊನೆಯ ದಿನ ಊಟವಾದ ಮೇಲೆ ಪರದೆಯ ಮೇಲೆ ಓಡಿಸುವ ಸ್ಲೈಡುಗಳ ಮೂಲಕ, ಮೇಡಂ. ಅದನ್ನು ಮಾಡಿದವರು ಯಾರು, ಯಾವ ಊರಿನ ಮಕ್ಕಳನ್ನು ಕೇಳಿ ಮಾಡಿದರು, ಅವರ ನಿರ್ಣಯ ಈ ಭಾಗಕ್ಕೆ ಹೊಂದದಿದ್ದರೆ ತಿರುಗಿ ಯಾರಿಗೆ ಹೇಳಬೇಕು ಎಂಬುದು ಎಲ್ಲಿಯೂ ಬರೆದಿರುವುದಿಲ್ಲ. ಮಾತು ಒಂದೇ ಕಡೆಯಿಂದ ಹರಿಯುವ ಕಡೆ ಸಮುದಾಯ ಇದೆ ಎನ್ನಲು ಬರುತ್ತದೆಯೇ?

ಸಂಶೋಧಕಿ: ದೂರು ನ್ಯಾಯವಾದದ್ದೇ, ಗುರುಗಳೇ, ಆದರೆ ಸುತ್ತೋಲೆಯ ದೋಷವನ್ನು ಸಂಶೋಧನೆಯ ತಲೆಗೆ ಕಟ್ಟುವ ಮೊದಲು ಅದು ಏನನ್ನು ಕಂಡುಕೊಂಡಿದೆ ಎಂಬುದನ್ನು ನೋಡಬೇಕು. ವಿಷಯ ಬಲ್ಲವರು ಸರಿಯಾಗಿ ಹೇಳಿಕೊಟ್ಟರೆ ಮಕ್ಕಳು ತಾವಾಗಿ ಕಲಿಯುತ್ತಾರೆ ಎಂಬ ನಂಬಿಕೆ ಬಹುಕಾಲ ಇತ್ತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ ರೋಸಲಿಂಡ್ ಡ್ರೈವರ್ 1983ರಲ್ಲಿ ಪ್ರಕಟಿಸಿದ ಪುಸ್ತಕವೂ ಅದರ ಹಿಂದೆ ಮುಂದೆ ಬಂದ ಅಧ್ಯಯನಗಳೂ ಆ ನಂಬಿಕೆಯನ್ನು ಅಲುಗಾಡಿಸಿದವು. ಬೆಳಕು, ಬಲ, ಶಾಖ, ಕರಗುವಿಕೆ ಮೊದಲಾದವುಗಳ ಬಗ್ಗೆ ಮಕ್ಕಳು ತರಗತಿಗೆ ಬರುವ ಮೊದಲೇ ತಮ್ಮದೇ ವಿವರಣೆಗಳನ್ನು ಕಟ್ಟಿಕೊಂಡಿರುತ್ತಾರೆ. ಪಾಠ ಮುಗಿದ ಮೇಲೂ ಪರೀಕ್ಷೆಗೆ ಪುಸ್ತಕದ ಉತ್ತರ, ಬದುಕಿಗೆ ತಮ್ಮ ಉತ್ತರ ಎಂದು ಎರಡನ್ನೂ ಇಟ್ಟುಕೊಳ್ಳುತ್ತಾರೆ. ಇವುಗಳನ್ನು ಪರ್ಯಾಯ ಕಲ್ಪನೆಗಳು ಎಂದು ಕರೆಯಲಾಗಿದೆ. ಉಪ್ಪು ನೀರಿನಲ್ಲಿ ಕರಗಿದರೆ ಇಲ್ಲವಾಗುತ್ತದೆ, ಆದ್ದರಿಂದ ತೂಕವೂ ಕಡಿಮೆಯಾಗುತ್ತದೆ ಎಂದು ಅನೇಕ ಮಕ್ಕಳು ನಂಬುತ್ತಾರೆ ಎಂಬುದು ಅಂಥ ಕಂಡುಕೊಳ್ಳುವಿಕೆಗಳಲ್ಲಿ ಒಂದು. ಇದು ತಿಳಿದ ಶಿಕ್ಷಕರು ದ್ರಾವಣದ ಪಾಠವನ್ನು ಆರಂಭಿಸುವ ಬಗೆಯೇ ಬೇರೆಯಾಗುತ್ತದೆ.

ಶಿಕ್ಷಕರು: ಅದು ಒಪ್ಪತಕ್ಕ ಮಾತು. ಇಂಥ ವಿದ್ವಾಂಸರು ಸೇರುವ ವೇದಿಕೆಗಳು ಎಷ್ಟು ಹಳೆಯವು?

ಸಂಶೋಧಕಿ: ಅಮೆರಿಕದಲ್ಲಿ ನಾರ್ಸ್ಟ್ ಎಂಬ ಸಂಘ 1928ರಲ್ಲಿಯೇ ಹುಟ್ಟಿತು, ಯುರೋಪಿನವರ ಎಸೆರಾ 1995ರದು. ಭಾರತದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾಗಿ ಮುಂಬಯಿಯಲ್ಲಿ 1974ರಲ್ಲಿ ಆರಂಭವಾದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು 2004ರಲ್ಲಿ ಗೋವೆಯಲ್ಲಿ ಎಪಿಸ್ಟೀಮ್ ಎಂಬ ಅಂತರರಾಷ್ಟ್ರೀಯ ಸಮ್ಮೇಳನ ಮಾಲೆಯನ್ನು ತೊಡಗಿಸಿತು. ಕರ್ನಾಟಕದ ಮಟ್ಟಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಇದೆ. 2010ರಲ್ಲಿ ಸ್ಥಾಪನೆಯಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೂ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದೆ.

ಶಿಕ್ಷಕರು: ಮುಂಬಯಿ, ಮೈಸೂರು, ಬೆಂಗಳೂರು. ಭೂಪಟದಲ್ಲಿ ಈ ಚುಕ್ಕೆಗಳನ್ನು ಗುರುತಿಸಿದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇವು ನಡುವಿನ ಖಾಲಿ ಜಾಗದಲ್ಲಿ ಬೀಳುತ್ತವೆ. ಸಮತೆಯ ಪ್ರಶ್ನೆ ಅಲ್ಲಿಂದಲೇ ಆರಂಭವಾಗುತ್ತದೆ, ಅಲ್ಲವೇ?

ಸಂಶೋಧಕಿ: ಅದು ಒಂದು ಮಗ್ಗುಲು. ಸಮತೆ ಎಂದರೆ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪ್ರಯೋಗಪೆಟ್ಟಿಗೆ ಹಂಚುವುದೆಂದು ಆಡಳಿತಗಾರರು ತಿಳಿಯುತ್ತಾರೆ. ಅಕ್ಟೋಬರಿನ ಹೊತ್ತಿಗೆ ಕಬ್ಬಿನ ಹಂಗಾಮು ಆರಂಭವಾದಾಗ ಕಬ್ಬು ಕಡಿಯುವ ಗ್ಯಾಂಗಿನವರ ಜೊತೆ ಬಂದು ಗುಡಿಸಲು ಹಾಕಿಕೊಂಡು, ಕಾರ್ಖಾನೆ ನಿಂತ ಮೇಲೆ ಊರಿಗೆ ಮರಳುವ ಕುಟುಂಬದ ಹುಡುಗಿಗೆ ಆ ಪುಸ್ತಕದ ಅರ್ಧ ಭಾಗ ಒಂದು ಶಾಲೆಯಲ್ಲಿ, ಉಳಿದರ್ಧ ಇನ್ನೊಂದು ಶಾಲೆಯಲ್ಲಿ ಸಿಗಬೇಕು, ಅಥವಾ ಎಲ್ಲಿಯೂ ಸಿಗಲಿಕ್ಕಿಲ್ಲ. ಆದ್ದರಿಂದ ಅವರವರ ಸ್ಥಿತಿಗೆ ತಕ್ಕಂತೆ ಬೆಂಬಲವನ್ನು ಹೊಂದಿಸಿ, ಕಲಿಕೆಯ ಫಲ ಎಲ್ಲರಿಗೂ ದಕ್ಕುವಂತೆ ನೋಡಿಕೊಳ್ಳುವುದನ್ನು ಸಮತೆ ಎನ್ನಬೇಕಾಗುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ವಿಜ್ಞಾನ ಬೋಧನೆಯ ತಂಡ ಸಿದ್ಧಪಡಿಸಿದ ಪತ್ರವು ದೇಶದ ವಿಜ್ಞಾನ ಶಿಕ್ಷಣದ ಮೂರು ಕೊರತೆಗಳನ್ನು ಮುಚ್ಚುಮರೆಯಿಲ್ಲದೆ ಹೇಳಿತು: ಸಂವಿಧಾನ ಬಯಸಿದ ಸಮತೆಯಿಂದ ಅದು ಬಹಳ ದೂರವಿದೆ, ಚೆನ್ನಾಗಿರುವ ಕಡೆಯೂ ಅದು ನೈಪುಣ್ಯವನ್ನು ಬೆಳೆಸುತ್ತದೆಯೇ ಹೊರತು ಹೊಸದನ್ನು ಹುಡುಕುವ ಬುದ್ಧಿಯನ್ನಲ್ಲ, ಇವೆರಡರ ಮೇಲೂ ಪರೀಕ್ಷಾ ಪದ್ಧತಿ ಸವಾರಿ ಮಾಡುತ್ತಿದೆ. ಸಮತೆ ಮತ್ತು ಹೊಸತನ ಎರಡೂ ಒಂದೇ ಪುಟದಲ್ಲಿ ಬಂದದ್ದು ಆಕಸ್ಮಿಕವಲ್ಲ.

ಶಿಕ್ಷಕರು: ಆಕಸ್ಮಿಕವಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. ಸಮತೆ ಬಡ ಶಾಲೆಗಳಿಗೆ, ಹೊಸತನ ಸಿರಿವಂತ ಶಾಲೆಗಳಿಗೆ ಎಂದು ಅವುಗಳನ್ನು ಪಾಲು ಮಾಡಿಕೊಂಡಿರುವುದೇ ಹೆಚ್ಚಾಗಿ ಕಾಣುತ್ತದೆ. ರೋಬೋಟು ಒಂದು ಕಡೆ, ಬಿಸಿಯೂಟ ಮತ್ತೊಂದು ಕಡೆ.

ಸಂಶೋಧಕಿ: ಒಂದು ಅಧ್ಯಯನವನ್ನು ನೋಡಿದರೆ ಎರಡರ ಸಂಬಂಧ ತಿಳಿಯುತ್ತದೆ. ಹೋಮಿ ಭಾಭಾ ಕೇಂದ್ರದ ಮೊದಲ ನಿರ್ದೇಶಕರಾದ ವಿ. ಜಿ. ಕುಲಕರ್ಣಿ ಮತ್ತು ಸಂಗಡಿಗರು 1980ರ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿ ನಗರಪಾಲಿಕೆಯ ಶಾಲೆಗಳ ಪರಿಶಿಷ್ಟ ಜಾತಿಯ ಮಕ್ಕಳೊಂದಿಗೆ ಕೆಲಸ ಮಾಡಿದರು. ಆ ಮಕ್ಕಳು ವಿಜ್ಞಾನದಲ್ಲಿ ಹಿಂದುಳಿಯುವುದು ಬುದ್ಧಿಯ ಕೊರತೆಯಿಂದ ಎಂಬ ಗುಟ್ಟಾದ ಊಹೆ ಆಗ ಎಲ್ಲೆಡೆ ಇತ್ತು. ಈಗಲೂ ಪೂರ್ತಿ ಹೋಗಿಲ್ಲ. ಮರಾಠಿ ಪಠ್ಯಪುಸ್ತಕದ ಭಾಷೆಯೇ ಮರಾಠಿ ಮಾತನಾಡುವ ಮಕ್ಕಳಿಗೆ ದೊಡ್ಡ ತಡೆಯಾಗಿದೆ ಎಂಬುದನ್ನು ಆ ಕೇಂದ್ರದವರು ತೋರಿಸಿದರು. ಭಾಷೆಯನ್ನು ಸರಳಗೊಳಿಸಿ, ಕಲಿಕೆಗೆ ಒತ್ತಾಸೆ ಕೊಟ್ಟಾಗ ಅದೇ ಮಕ್ಕಳ ಫಲಿತಾಂಶ ಎದ್ದು ಕಾಣುವಷ್ಟು ಸುಧಾರಿಸಿತು. ಇಲ್ಲಿ ಸಮತೆಯ ಪ್ರಶ್ನೆಯನ್ನು ಕೇಳಿದ್ದರಿಂದಲೇ ಪಠ್ಯದ ಭಾಷೆಯನ್ನು ಪರೀಕ್ಷಿಸುವ ಹೊಸ ವಿಧಾನ ಹುಟ್ಟಿತು. ಮುಂದಿನ ಬೆಂಚಿನ ಮಕ್ಕಳನ್ನೇ ನೋಡುತ್ತಿದ್ದರೆ ಆ ದೋಷ ಕಣ್ಣಿಗೆ ಬೀಳುತ್ತಿರಲಿಲ್ಲ.

ಶಿಕ್ಷಕರು: ಒಳ್ಳೆಯ ಕೆಲಸ, ಸಂದೇಹವಿಲ್ಲ. ಆದರೂ ಅಲ್ಲಿ ಪ್ರಶ್ನೆ ಕೇಳಿದವರು ವಿಜ್ಞಾನಿಗಳು; ಉತ್ತರ ಬರೆದವರು ವಿಜ್ಞಾನಿಗಳು; ಮಕ್ಕಳೂ ಶಿಕ್ಷಕರೂ ಅಧ್ಯಯನಕ್ಕೆ ಒಳಗಾದವರು. ಇದಕ್ಕೆ ಪ್ರತಿಯಾಗಿ ಈ ಊರಿನ ಹೊಳೆಯಲ್ಲಿ ನಿಂತಿರುವ ಕಟ್ಟಡವನ್ನು ನೋಡಬೇಕು. ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಕೃಷ್ಣೆ ಬೇಸಿಗೆಯಲ್ಲಿ ಮರಳಾಗುತ್ತಿದ್ದಳು. ಸುತ್ತಲಿನ ರೈತರು ಕೃಷ್ಣಾ ತೀರ ರೈತ ಸಂಘದಲ್ಲಿ ಒಂದುಗೂಡಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ, ಪಟ್ಟಿ ಎತ್ತಿ, ಮೈಮುರಿದು ದುಡಿದು 1989ರಲ್ಲಿ ಬ್ಯಾರೇಜನ್ನು ನಿಲ್ಲಿಸಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ಎಂಜಿನಿಯರರ ಜ್ಞಾನ ಅಲ್ಲಿಯೂ ಬೇಕಾಯಿತು, ಆದರೆ ಪ್ರಶ್ನೆ ರೈತರದಾಗಿತ್ತು: ನೀರನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ನಿಲ್ಲಿಸಬೇಕು, ಯಾರ ಹೊಲಕ್ಕೆ ಏನಾಗುತ್ತದೆ ಎಂಬುದನ್ನು ಅವರು ಕೇಳಿದ ಮೇಲೆ ಲೆಕ್ಕ ಹಾಕುವವರು ಬಂದರು. ವಿಜ್ಞಾನ ಶಿಕ್ಷಣದ ವಿದ್ವತ್ ಸಮುದಾಯದಲ್ಲಿ ಶಿಕ್ಷಕರ ಸ್ಥಾನ ಆ ರೈತರ ಸ್ಥಾನದಂತೆ ಇದೆಯೇ ಎಂಬುದು ಕೇಳಬೇಕಾದ ಮಾತು.

ಸಂಶೋಧಕಿ: ಇಲ್ಲ, ಬಹುಮಟ್ಟಿಗೆ ಇಲ್ಲ. ಆದರೆ ಶಿಕ್ಷಕರ ಪ್ರಶ್ನೆ ಯಾವಾಗಲೂ ಸಂಶೋಧನೆಯ ಪ್ರಶ್ನೆಯಾಗುತ್ತದೆ ಎಂದು ಹೇಳಲೂ ಬಾರದು. ಉದಾಹರಣೆಯಿಲ್ಲದೆ ಈ ವಾದ ಮುಂದೆ ಸಾಗದು. ಈ ಸೀಮೆಯ ಒಂದು ಪ್ರಶ್ನೆಯನ್ನು ತಾವೇ ಇಡಬೇಕು.

ಶಿಕ್ಷಕರು: ಸವಳು-ಜವಳು. ನೀರು ಬಂತು, ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದವು. ಎರೆ ಭೂಮಿಗೆ ವರ್ಷವಿಡೀ ನೀರು ಬಿಟ್ಟು, ಬಸಿದು ಹೋಗಲು ದಾರಿ ಮಾಡದ ಕಡೆಗಳಲ್ಲಿ ಹೊಲಗಳು ಜವಳು ಹಿಡಿದು, ಮೇಲೆ ಬಿಳಿಯ ಪದರ ಕಟ್ಟಿಕೊಂಡವು. ಹೊಳೆಯ ದಂಡೆಯ ಶಾಲೆಗಳ ಮಕ್ಕಳಲ್ಲಿ ಅನೇಕರು ಇಂಥ ಹೊಲವನ್ನು ದಾಟಿಯೇ ಬರುತ್ತಾರೆ. ತರಗತಿಯಲ್ಲಿ ಆವಿಯಾಗುವಿಕೆ, ದ್ರಾವಣ, ಆಮ್ಲ-ಪ್ರತ್ಯಾಮ್ಲ, ಲವಣ ಎಂಬ ಪಾಠಗಳಿವೆ. ಎರಡಕ್ಕೂ ಸಂಬಂಧವಿದೆ ಎಂದು ಮಕ್ಕಳಿಗೆ ತಾನಾಗಿ ಹೊಳೆಯುವುದು ಅಪರೂಪ. ಶಿಕ್ಷಕರಿಗೂ ತಡವಾಗಿ ಹೊಳೆಯುತ್ತದೆ.

ಸಂಶೋಧಕಿ: ಇಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ, ಅವನ್ನು ಬೇರ್ಪಡಿಸಬೇಕು. ಉಪ್ಪು ಮೇಲಕ್ಕೆ ಬಂದದ್ದು ಹೇಗೆ ಎಂಬುದು ಮಣ್ಣುವಿಜ್ಞಾನದ ಪ್ರಶ್ನೆ, ಅದಕ್ಕೆ ಉತ್ತರ ಸಿದ್ಧವಿದೆ: ಅತಿಯಾಗಿ ಹಾಯಿಸಿದ ನೀರಿನಿಂದ ಅಂತರ್ಜಲದ ಮಟ್ಟ ಏರುತ್ತದೆ, ಮಣ್ಣಿನ ಕೂದಲೆಳೆಯಂಥ ರಂಧ್ರಗಳಲ್ಲಿ ನೀರು ತಾನಾಗಿ ಮೇಲೇರುವ ಕ್ರಿಯೆಯಿಂದ, ಅಂದರೆ ಕೇಶಾಕರ್ಷಣೆಯಿಂದ, ಅದು ಮೇಲ್ಮೈಯನ್ನು ಮುಟ್ಟುತ್ತದೆ, ಬಿಸಿಲಿಗೆ ನೀರು ಆವಿಯಾಗಿ ಹೋಗಿ, ಅದರಲ್ಲಿ ಕರಗಿದ್ದ ಲವಣ ಮಾತ್ರ ಉಳಿಯುತ್ತದೆ. ಆ ಹೊಲವನ್ನು ದಿನವೂ ದಾಟುವ ಮಗುವಿನ ಮನಸ್ಸಿನಲ್ಲಿ ಈ ಬಿಳಿಯ ಪದರಕ್ಕೆ ಯಾವ ವಿವರಣೆಯಿದೆ ಎಂಬುದು ಶಿಕ್ಷಣ ಸಂಶೋಧನೆಯ ಪ್ರಶ್ನೆ. ಗೊಬ್ಬರ ಹೆಚ್ಚಾಗಿ ಹೀಗಾಯಿತು ಎನ್ನಬಹುದು, ಹೊಳೆಯ ನೀರೇ ಉಪ್ಪು ಎನ್ನಬಹುದು, ಭೂಮಿ ಮುನಿಯಿತು ಎಂದು ಅಜ್ಜಿ ಹೇಳಿದ್ದನ್ನೇ ಹೇಳಬಹುದು. ಕರಗಿದ ಉಪ್ಪು ಇಲ್ಲವಾಗುತ್ತದೆ ಎಂದು ನಂಬುವ ಮಗುವಿಗೆ ಈ ಹೊಲವೇ ವಿರುದ್ಧ ಸಾಕ್ಷಿ. ಆದರೆ ಸಾಕ್ಷಿಯನ್ನು ಕಣ್ಣಾರೆ ಕಂಡರೂ ಕಲ್ಪನೆ ಬದಲಾಗುವುದಿಲ್ಲವೇಕೆ, ಯಾವ ಕ್ರಮದಲ್ಲಿ ಪ್ರಯೋಗ ಮಾಡಿಸಿದರೆ ಬದಲಾದೀತು ಎಂಬುದನ್ನು ಬೆಂಗಳೂರಿನ ಪ್ರಯೋಗಾಲಯದಲ್ಲಿ ಕುಳಿತು ಕಂಡುಹಿಡಿಯಲು ಆಗದು.

ಶಿಕ್ಷಕರು: ಹಾಗಾದರೆ ಆ ಪ್ರಶ್ನೆಗೆ ಸಲಕರಣೆ ಬಹಳ ಬೇಕಿಲ್ಲ. ಬಿಳಿ ಕಟ್ಟಿದ ಹೊಲದ ಮಣ್ಣು, ಪಕ್ಕದ ಒಳ್ಳೆಯ ಹೊಲದ ಮಣ್ಣು, ಎರಡನ್ನೂ ನೀರಿನಲ್ಲಿ ಕಲಕಿ ಸೋಸಿ, ತಟ್ಟೆಯಲ್ಲಿ ಆರಲು ಬಿಟ್ಟರೆ ಉಳಿದದ್ದನ್ನು ತೂಗಬಹುದು; ಅದೇ ನೀರಿನಲ್ಲಿ ಹೆಸರು ಅಥವಾ ಜೋಳದ ಕಾಳನ್ನು ಮೊಳಕೆ ಬರಿಸಿ ಎಣಿಸಬಹುದು. ಮೊದಲು ಮಕ್ಕಳು ಏನಾಗುತ್ತದೆಂದು ಊಹಿಸುತ್ತಾರೆ ಎಂಬುದನ್ನು ಅವರವರ ಮಾತಿನಲ್ಲೇ ಬರೆಸಿ, ಕೊನೆಗೆ ಮತ್ತೆ ಬರೆಸಿ, ಎರಡನ್ನೂ ಹೋಲಿಸಬೇಕು. ಇದು ಸಂಶೋಧನೆಯೋ ಬರೀ ಚಟುವಟಿಕೆಯೋ?

ಸಂಶೋಧಕಿ: ಬರೆಸಿದ್ದನ್ನು ಇಟ್ಟುಕೊಂಡು, ಯಾವ ಮಗು ಬದಲಾಯಿತು, ಯಾವ ಮಗು ಬದಲಾಗಲಿಲ್ಲ, ಏಕೆ ಎಂದು ಹುಡುಕಿ, ಬೇರೆ ಊರಿನ ಶಿಕ್ಷಕರು ಅದನ್ನೇ ಮಾಡಿ ನೋಡುವಷ್ಟು ವಿವರವಾಗಿ ಬರೆದರೆ ಸಂಶೋಧನೆ. ಹಾಗೆ ಬರೆಯದೆ ಫೋಟೋ ತೆಗೆದು ಕಳಿಸಿದರೆ ಚಟುವಟಿಕೆ.

ಈ ಕೊನೆಯ ಮಾತು ಸ್ವಲ್ಪ ಕಟುವಾದದ್ದೇ. ಆದರೆ ಇಲಾಖೆಗೆ ಫೋಟೋ ಕಳಿಸುವ ಕೆಲಸದಲ್ಲಿ ಶಿಕ್ಷಕರ ಎಷ್ಟು ಹೊತ್ತು ಕಳೆಯುತ್ತದೆ ಎಂಬುದನ್ನು ಬಲ್ಲವರು ಅದನ್ನು ಅನ್ಯಾಯ ಎನ್ನಲಾರರು.

ಶಿಕ್ಷಕರು: ಇನ್ನೊಂದು ಸಂಗತಿಯೂ ಇದೆ, ಮೇಡಂ. ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವವರು ಕಬ್ಬಿನ ಹಾಲಿಗೆ ಸುಣ್ಣವನ್ನು ಎಷ್ಟು ಹಾಕಬೇಕು, ಬೆಂಡೆಗಿಡದ ಲೋಳೆಯನ್ನು ಯಾವಾಗ ಬಿಡಬೇಕು ಎಂಬುದನ್ನು ಬಣ್ಣ, ನೊರೆ ಮತ್ತು ವಾಸನೆಯಿಂದ ತಿಳಿಯುತ್ತಾರೆ. ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವವರ ಲೆಕ್ಕವೂ ಹಾಗೆಯೇ. ಅವರ ಮಕ್ಕಳು ತರಗತಿಯಲ್ಲಿ ಲಿಟ್ಮಸ್ ಕಾಗದದ ಮುಂದೆ ಪೆಚ್ಚಾಗಿ ಕುಳಿತಿರುತ್ತಾರೆ.

ಸಂಶೋಧಕಿ: ಬಿಸಿಯಾದ ಹುಳಿ ರಸದಲ್ಲಿ ಸಕ್ಕರೆ ಒಡೆದು ಬೇರೆ ಸಕ್ಕರೆಗಳಾಗುತ್ತದೆ, ಆಗ ಬೆಲ್ಲ ಗಟ್ಟಿಯಾಗಿ ಕೂರುವುದಿಲ್ಲ, ಸುಣ್ಣವು ಆ ಹುಳಿಯನ್ನು ತಗ್ಗಿಸುತ್ತದೆ, ಲೋಳೆಯು ಕಸರನ್ನು ಕೂಡಿಸಿ ಮೇಲಕ್ಕೆ ತರುತ್ತದೆ. ತಟಸ್ಥೀಕರಣ ಎಂಬ ಪಾಠದ ತಿರುಳು ಆ ಕೊಪ್ಪರಿಗೆಯಲ್ಲಿದೆ. ಇಂಥ ಮನೆತನದ ತಿಳಿವಳಿಕೆಯನ್ನು ಶಿಕ್ಷಣಶಾಸ್ತ್ರದಲ್ಲಿ ಜ್ಞಾನನಿಧಿ ಎಂದು ಕರೆಯುತ್ತಾರೆ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ ಲೂಯಿಸ್ ಮೋಲ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಲೆಯ ಶಿಕ್ಷಕರೇ ಮೆಕ್ಸಿಕೋ ಮೂಲದ ದುಡಿಯುವ ಕುಟುಂಬಗಳ ಮನೆಗಳಿಗೆ ಹೋಗಿ, ಅಲ್ಲಿನ ಬೇಸಾಯ, ಕಟ್ಟಡ, ವ್ಯಾಪಾರ, ಔಷಧಿಗಳ ಜ್ಞಾನವನ್ನು ದಾಖಲಿಸಿ, ಅದರಿಂದ ಪಾಠಗಳನ್ನು ಕಟ್ಟಿದರು. ಆ ಶಿಕ್ಷಕರಲ್ಲಿ ಒಬ್ಬರ ಹೆಸರು ಸಹಲೇಖಕಿಯಾಗಿ ಪ್ರಬಂಧದ ಮೇಲಿದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಶಿಕ್ಷಕರು: ಅಲ್ಲಿ ಹೋಗಿ ಹುಡುಕಬೇಕೇ? ಈ ದೇಶದಲ್ಲಿಯೇ ಶಿಕ್ಷಕರನ್ನು ಜೊತೆಗಾರರೆಂದು ಕಂಡ ಉದಾಹರಣೆಯಿಲ್ಲವೇ?

ಸಂಶೋಧಕಿ: ಇದೆ; ಅದರ ಏಳುಬೀಳು ಎರಡೂ ಪಾಠ ಹೇಳುತ್ತವೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 1972ರಲ್ಲಿ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ಪ್ರಯೋಗದಿಂದಲೇ ಕಲಿಸುವ ಕಾರ್ಯಕ್ರಮ ತೊಡಗಿದವು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು, 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. ದಿಲ್ಲಿ ವಿಶ್ವವಿದ್ಯಾಲಯ ಮತ್ತು ಟಾಟಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿಗೆ ಬಂದು ಹಳ್ಳಿಯ ಶಿಕ್ಷಕರೊಂದಿಗೆ ಕುಳಿತು ಬಾಲ ವೈಜ್ಞಾನಿಕ ಎಂಬ ಅಭ್ಯಾಸಪುಸ್ತಕಗಳನ್ನು ರೂಪಿಸಿದರು. ಶಿಕ್ಷಕರು ತಿಂಗಳಿಗೊಮ್ಮೆ ಕೂಡುತ್ತಿದ್ದರು. ಕೈಗೂಡದ ಪ್ರಯೋಗ, ಮಕ್ಕಳು ಕೇಳಿದ ಅನಿರೀಕ್ಷಿತ ಪ್ರಶ್ನೆ, ಅರ್ಥವಾಗದ ಸಾಲು ಎಲ್ಲವೂ ಅಲ್ಲಿ ಚರ್ಚೆಗೆ ಬಂದು ಪುಸ್ತಕದ ಮುಂದಿನ ಪರಿಷ್ಕರಣೆಗೆ ಸಾಮಗ್ರಿಯಾಗುತ್ತಿತ್ತು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು, ಜೊತೆಗೆ ಪ್ರಯೋಗವನ್ನೂ ಮಾಡಿ ತೋರಿಸಬೇಕಿತ್ತು. ಮಕ್ಕಳು ಸವಾಲಿರಾಮ ಎಂಬ ಕಲ್ಪಿತ ವ್ಯಕ್ತಿಗೆ ಪತ್ರ ಬರೆದು ಪ್ರಶ್ನೆ ಕೇಳುತ್ತಿದ್ದರು, ಉತ್ತರವೂ ಬರುತ್ತಿತ್ತು.

ಶಿಕ್ಷಕರು: ಈಗ ನಡೆಯುತ್ತಿದೆಯೇ?

ಸಂಶೋಧಕಿ: 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ಬೆಳೆದದ್ದಕ್ಕೆ ಒಂದು ಆದೇಶ ಸಾಕಾಯಿತು.

ಶಿಕ್ಷಕರು: ಅಂದರೆ ಹೊಸತನವನ್ನು ಹುಟ್ಟಿಸುವುದಕ್ಕಿಂತ ಉಳಿಸುವುದು ಕಷ್ಟ. ಕರ್ನಾಟಕದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯ ಕಥೆ ಸ್ವಲ್ಪ ಬೇರೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್. ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು ಕಲಿಕಾ ಕಾರ್ಡುಗಳನ್ನು ತಾವೇ ತಯಾರಿಸಿದರು. ಮುಂದೆ ಅದು ರಾಜ್ಯವ್ಯಾಪಿಯಾಯಿತು, ಸರ್ಕಾರದ ಸ್ವಂತದ್ದಾಯಿತು, ಆದ್ದರಿಂದ ಉಳಿಯಿತು. ಆದರೆ ಇತರ ಜಿಲ್ಲೆಗಳ ಶಿಕ್ಷಕರ ಕೈಗೆ ಬಂದದ್ದು ಮುದ್ರಿತವಾದ ಸಿದ್ಧ ಕಾರ್ಡು. ಕೋಟೆಯ ಶಿಕ್ಷಕರು ಪಟ್ಟ ತಯಾರಿಕೆಯ ಸುಖ, ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶ ಅದರ ಜೊತೆ ಬರಲಿಲ್ಲ.

ಸಂಶೋಧಕಿ: ಆ ಮಾತು ಸರಿ. ಹರಡುವುದೆಂದರೆ ಫಲವನ್ನು ಹಂಚುವುದೆಂದು ತಿಳಿದರೆ ಹೀಗಾಗುತ್ತದೆ. ತಯಾರಿಸುವ ರೂಢಿಯೇ ಹರಡಬೇಕಾಗಿತ್ತು. ಆ ರೂಢಿಯನ್ನು ಕನ್ನಡದಲ್ಲಿ ಬೆಳೆಸಲು ಪ್ರಯತ್ನಿಸಿದವರಿಲ್ಲವೆಂದಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ವಿಜ್ಞಾನ ಎಂಬ ಮಾಸಪತ್ರಿಕೆಯನ್ನು ಹೊರತಂದರು, ಅದು ಎರಡು ವರ್ಷ ನಡೆಯಿತು. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಉಪನ್ಯಾಸಗಳನ್ನು ವಾರವಾರ ನಡೆಸುವ ಪರಿಪಾಠ ಹಾಕಿದರು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ರೂಪುಗೊಂಡಿತು, ಜೆ. ಆರ್. ಲಕ್ಷ್ಮಣರಾವ್, ಅಡ್ಯನಡ್ಕ ಕೃಷ್ಣಭಟ್ಟರಂಥ ಅಧ್ಯಾಪಕರು ಅದರ ಬಾಲವಿಜ್ಞಾನ ಪತ್ರಿಕೆಯ ಸುತ್ತ ಕನ್ನಡದಲ್ಲಿ ಬರೆಯುವವರ ಬಳಗವನ್ನು ಬೆಳೆಸಿದರು. 1993ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದ ಮಕ್ಕಳ ವಿಜ್ಞಾನ ಸಮಾವೇಶವನ್ನು ಕರ್ನಾಟಕದಲ್ಲಿ ಪರಿಷತ್ತೇ ನಡೆಸಿಕೊಂಡು ಬಂದಿದೆ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಆಯ್ದು, ಮಾಹಿತಿ ಕಲೆಹಾಕಿ, ತಮ್ಮ ಭಾಷೆಯಲ್ಲಿ ವರದಿ ಮಂಡಿಸಬಹುದಾದ ವೇದಿಕೆ ಅದು. ಸವಳು ಭೂಮಿಯ ಪ್ರಶ್ನೆಗೆ ಅಲ್ಲಿ ಬಾಗಿಲು ತೆರೆದೇ ಇದೆ.

ಶಿಕ್ಷಕರು: ಬಾಗಿಲು ತೆರೆದಿದೆ, ಆದರೆ ಒಳಗೆ ಹೋದ ಮೇಲೆ ಬಹುಮಾನದ ಓಟ ಶುರುವಾಗುತ್ತದೆ. ಜಿಲ್ಲೆ ದಾಟಬೇಕು, ರಾಜ್ಯ ದಾಟಬೇಕು ಎಂಬ ಹಟಕ್ಕೆ ದೊಡ್ಡವರೇ ವರದಿ ಬರೆದುಕೊಡುವುದುಂಟು; ಚೆಂದವಾಗಿ ಮಾತನಾಡುವ ಒಂದಿಬ್ಬರನ್ನು ಆರಿಸಿಕೊಂಡು ಉಳಿದ ತರಗತಿಯನ್ನು ಮರೆಯುವುದುಂಟು. ಗ್ಯಾಂಗಿನವರ ಹುಡುಗಿ ಆ ತಂಡದಲ್ಲಿ ಇರುವುದಿಲ್ಲ. ಸಮಾವೇಶ ಡಿಸೆಂಬರಿನಲ್ಲಿ ಮುಗಿದರೆ ಜನವರಿಯಲ್ಲಿ ಆ ಹೊಲದ ಬಗ್ಗೆ ಕೇಳುವವರಿಲ್ಲ.

ಸಂಶೋಧಕಿ: ಅದಕ್ಕೆ ಕಾರಣ ಮಕ್ಕಳ ವರದಿಗಳನ್ನು ಸ್ಪರ್ಧೆಯ ಪ್ರವೇಶಗಳೆಂದು ಎಣಿಸುವುದು, ಸಂಶೋಧನೆಯ ಸಾಮಗ್ರಿಯೆಂದು ಎಣಿಸದಿರುವುದು. ಸ್ಥಳೀಯ ಸಮಸ್ಯೆಯ ಬಗ್ಗೆ ಮಕ್ಕಳು ಹೇಗೆ ತರ್ಕಿಸುತ್ತಾರೆ, ಯಾವುದನ್ನು ಸಾಕ್ಷಿಯೆಂದು ಒಪ್ಪುತ್ತಾರೆ ಎಂಬುದನ್ನು ಅರಿಯಲು ಆ ವರದಿಗಳಿಗಿಂತ ಒಳ್ಳೆಯ ಆಧಾರ ಸಿಗದು. ಬಹುಮಾನ ಬಾರದ ವರದಿಗಳೇ ಹೆಚ್ಚು ಉಪಯುಕ್ತವಾಗಬಹುದು, ಏಕೆಂದರೆ ಅವುಗಳಲ್ಲಿ ದೊಡ್ಡವರ ಕೈ ಕಡಿಮೆ.

ಶಿಕ್ಷಕರು: ಈ ವರದಿಗಳನ್ನು ಓದುವ ಸಂಸ್ಥೆ ಹತ್ತಿರದಲ್ಲಿ ಇರಬೇಡವೇ? ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇಳಕಲ್ಲಿನಲ್ಲಿದೆ, ಜಿಲ್ಲೆಯ ಆ ತುದಿ. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಆಯಿತು. 2023ರಲ್ಲಿ ಜಮಖಂಡಿಯಲ್ಲಿಯೇ ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾದಾಗ ಈ ಭಾಗದ ಶಾಲೆಗಳಿಗೂ ಒಂದು ಆಸರೆ ಸಿಕ್ಕಿತೆಂದು ಅನೇಕರು ತಿಳಿದರು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚಬೇಕೆಂದು ಶಿಫಾರಸು ಮಾಡಿತು. ಆ ಪಟ್ಟಿಯಲ್ಲಿ ಇದೂ ಇತ್ತು.

ಸಂಶೋಧಕಿ: ಹಣ, ಜಾಗ, ಸಿಬ್ಬಂದಿ ಇಲ್ಲದೆ ವಿಶ್ವವಿದ್ಯಾಲಯ ನಡೆಸುವುದು ಸರಿಯಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ಆ ಲೆಕ್ಕದಲ್ಲಿ ಶಾಲೆಗಳು ಬರಲೇ ಇಲ್ಲ ಎಂಬುದು ವಿಚಾರ ಮಾಡತಕ್ಕದ್ದು. ವಿಶ್ವವಿದ್ಯಾಲಯವನ್ನು ಪದವಿ ಕೊಡುವ ಕಚೇರಿ ಎಂದು ಮಾತ್ರ ನೋಡಿದರೆ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಬೇರೆ ಕಡೆ ಕಳಿಸಬಹುದು. ಸುತ್ತಲಿನ ನಾಲ್ಕು ತಾಲ್ಲೂಕುಗಳ ಶಿಕ್ಷಕರ ಪ್ರಶ್ನೆಗಳಿಗೆ ಕಿವಿಗೊಡುವ ನೆರೆಯೆಂದು ನೋಡಿದರೆ ಅದನ್ನು ಬಸ್ಸಿನಲ್ಲಿ ಕಳಿಸಲು ಬರುವುದಿಲ್ಲ.

ಶಿಕ್ಷಕರು: ವಿಶ್ವವಿದ್ಯಾಲಯ ಉಳಿಯಲಿ, ಬಿಡಲಿ, ತಿಂಗಳಿಗೊಮ್ಮೆ ಕೂಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮುಧೋಳದ ಕಡೆಯ ಶಿಕ್ಷಕರು ಸುಣ್ಣದ ಕಲ್ಲಿನ ಪ್ರಶ್ನೆ ತರಲಿ, ಬೀಳಗಿಯವರು ಹಿನ್ನೀರಿನದು, ರಬಕವಿಯವರು ಬಣ್ಣದ ನೀರು ಎಲ್ಲಿ ಹೋಗುತ್ತದೆ ಎಂಬುದು. ಆದರೆ ಬರೆದದ್ದು ಎಲ್ಲಿ ಪ್ರಕಟವಾಗಬೇಕು? ತಜ್ಞರು ಪರಿಶೀಲಿಸಿ ಅಚ್ಚು ಹಾಕುವ ನಿಯತಕಾಲಿಕಗಳು ಇಂಗ್ಲಿಷಿನವು. ಸಮ್ಮೇಳನದ ಶುಲ್ಕ, ಹೋಗಿಬರುವ ಖರ್ಚು, ರಜೆಯ ಮಂಜೂರಾತಿ, ಇವೆಲ್ಲ ದಾಟಿದ ಮೇಲೆ ಇಂಗ್ಲಿಷಿನಲ್ಲಿ ಹದಿನೈದು ನಿಮಿಷ ಮಾತನಾಡಬೇಕು. ಅತಿಥಿ ಶಿಕ್ಷಕರಿಗಂತೂ ರಜೆಯೆಂದರೆ ಸಂಬಳ ಕಡಿತ. ಅಕ್ಕೋರುಗಳಿಗೆ ಮನೆಯ ಅನುಮತಿಯ ಪ್ರಶ್ನೆಯೂ ಇರುತ್ತದೆ.

ಸಂಶೋಧಕಿ: ಸಮುದಾಯಗಳು ಶುಲ್ಕ ವಿನಾಯಿತಿ, ಪ್ರಯಾಣ ಭತ್ಯೆ, ಹೊಸಬರಿಗೆ ಮಾರ್ಗದರ್ಶಕರು ಎಂದು ಕೆಲವು ಏರ್ಪಾಡುಗಳನ್ನು ಮಾಡುತ್ತಿವೆ, ಅವು ಬೇಕು, ಸಾಲವು. ಅವುಗಳ ತಳದಲ್ಲಿರುವ ಎಣಿಕೆಯೆಂದರೆ, ಸಮುದಾಯ ಅಲ್ಲಿದೆ, ಹೊರಗಿನವರನ್ನು ಅಲ್ಲಿಗೆ ಕರೆತರಬೇಕು ಎಂಬುದು. ಪರಿಶೀಲಿಸುವವರೇ ಇಲ್ಲಿಗೆ ಬರಲಿ, ಕನ್ನಡದ ಬರಹವನ್ನು ಕನ್ನಡದಲ್ಲಿಯೇ ಪರಿಶೀಲಿಸಲಿ ಎಂದರೆ ಲೆಕ್ಕ ಬೇರೆಯಾಗುತ್ತದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಐ ವಂಡರ್ ಎಂಬ ಶಿಕ್ಷಕರ ಪತ್ರಿಕೆ ಕನ್ನಡದಲ್ಲಿಯೂ ಬಂದಿದೆ, ಆದರೆ ಅದು ಮುಖ್ಯವಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ದಾರಿ. ಕನ್ನಡದಲ್ಲಿ ಹುಟ್ಟಿದ ಅಧ್ಯಯನ ಕನ್ನಡದಲ್ಲಿ ಪರೀಕ್ಷೆಗೆ ಒಳಗಾಗಿ ಆಮೇಲೆ ಇಂಗ್ಲಿಷಿಗೆ ಹೋಗುವ ದಾರಿಯನ್ನು ಇನ್ನೂ ಕಡಿಯಬೇಕಾಗಿದೆ.

ಶಿಕ್ಷಕರು: ಒಂದು ಅಂಜಿಕೆ ಉಳಿದಿದೆ. ಮಕ್ಕಳು ಹೊಲಗಳ ಮಣ್ಣನ್ನು ಪರೀಕ್ಷಿಸಿ, ಯಾವುದು ಸವಳು, ಯಾವುದು ಅಲ್ಲ ಎಂದು ನಕ್ಷೆ ಮಾಡಿದರೆ, ಅದು ಅಚ್ಚಾದರೆ, ಆ ಹೊಲದ ಬೆಲೆ ಏನಾಗಬೇಕು? ಬ್ಯಾಂಕಿನವರು ಸಾಲ ಕೊಡುವಾಗ ನೋಡುವುದಿಲ್ಲವೇ? ಮಗಳ ಮದುವೆಗೆಂದು ಎರಡು ಎಕರೆ ಮಾರಲು ಹೊರಟವನ ಗತಿಯೇನು? ಮಣ್ಣು ತಂದವನು ಅವನದೇ ಮಗನಾಗಿರಬಹುದು.

ಸಂಶೋಧಕಿ: ಸಂಶೋಧನಾ ನೀತಿಯ ಸಮಿತಿಗಳು ಮಕ್ಕಳ ಹೆಸರನ್ನು ಮುಚ್ಚಿಡಲು, ಪಾಲಕರ ಒಪ್ಪಿಗೆ ಪಡೆಯಲು ಹೇಳುತ್ತವೆ. ಸರ್ವೆ ನಂಬರನ್ನು ಮುಚ್ಚಿಡಬೇಕೆಂದು ಅವುಗಳ ಸಿದ್ಧ ನಮೂನೆಯಲ್ಲಿ ಇರುವುದಿಲ್ಲ. ನಕ್ಷೆಯ ಬದಲು ಅಂತರ್ಜಲದ ಆಳ ಮತ್ತು ಲವಣದ ಪ್ರಮಾಣ ಇವುಗಳ ಸಂಬಂಧವನ್ನು ಮಾತ್ರ ಪ್ರಕಟಿಸಬಹುದು.

ಶಿಕ್ಷಕರು: ನಕ್ಷೆಯಿಲ್ಲದಿದ್ದರೆ ಊರಿಗೆ ಏನು ಉಪಯೋಗ? ಬಸಿಗಾಲುವೆಯನ್ನು ಎಲ್ಲಿ ತೆಗೆಯಬೇಕೆಂದು ನಿರ್ಧರಿಸಲು ನಕ್ಷೆಯೇ ಬೇಕು. ಪ್ರಬಂಧಕ್ಕೆ ಸಂಬಂಧ ಸಾಕು, ರೈತರಿಗೆ ಜಾಗ ಬೇಕು.

ಸಂಶೋಧಕಿ: ಹಾಗಾದರೆ ಎರಡು ದಾಖಲೆಗಳಾಗಬೇಕು: ಸರ್ವೆ ನಂಬರು ಇರುವುದು ಊರಿನಲ್ಲಿ ಉಳಿಯಬೇಕು, ಇಲ್ಲದ್ದು ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಮೊದಲನೆಯದು ಯಾರ ವಶದಲ್ಲಿ ಇರಬೇಕು ಎಂಬುದನ್ನು ಸಂಶೋಧಕರು ತೀರ್ಮಾನಿಸತಕ್ಕದ್ದಲ್ಲ.

ಶಿಕ್ಷಕರು: ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಇಡಬೇಕು, ಅಲ್ಲಿ ಹೊಲ ಇದ್ದವರೇ ಹೆಚ್ಚು, ಆದ್ದರಿಂದ ಹೊಲ ಇಲ್ಲದವರ ಮಾತನ್ನೂ ಬೇರೆಯಾಗಿ ಕೇಳಬೇಕಾಗುತ್ತದೆ. ಒಪ್ಪಿಗೆಯ ನಮೂನೆಯನ್ನು ಕನ್ನಡದಲ್ಲಿ ಬರೆದು, ಮಣ್ಣು ತೆಗೆಯುವ ಮೊದಲೇ ಓದಿ ಹೇಳಬೇಕು. ಒಲ್ಲೆ ಎಂದವರ ಹೊಲಕ್ಕೆ ಮಕ್ಕಳು ಕಾಲಿಡಬಾರದು.

ಸಂಶೋಧಕಿ: ಒಲ್ಲೆ ಎನ್ನುವವರು ಹೆಚ್ಚಾದರೆ ಮಾದರಿ ಸಣ್ಣದಾಗುತ್ತದೆ, ಪರಿಶೀಲಕರು ಅದನ್ನು ಕೊರತೆಯೆಂದು ಎತ್ತಿ ತೋರಿಸುತ್ತಾರೆ.

ಶಿಕ್ಷಕರು: ತೋರಿಸಲಿ. ಎಷ್ಟು ಜನ ಒಲ್ಲೆ ಎಂದರು, ಏಕೆ ಎಂದರು ಎಂಬುದನ್ನೂ ಅದೇ ಪ್ರಬಂಧದಲ್ಲಿ ಬರೆಯಬೇಕು.